20 ಇಂಚಿನ ಮಡಚುವ ಸೈಕಲ್‌ನಲ್ಲಿ ರಾತ್ರಿಯಿಡೀ ಬೆಂಗಳೂರು–ಮೈಸೂರು: ಗುಂಪಿನ ಜೊತೆ ಹೋಗಬಹುದಾ?

ಕೆಂಗೇರಿ ಸವಾರ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 20 ಇಂಚಿನ ಮಡಚುವ ಸೈಕಲ್ ಇದೆ. ಏಳು ಗೇರ್. ಮುಂದೆ 52 ಹಲ್ಲು, ಹಿಂದೆ 14ರಿಂದ 28. ದಿನಾ ಆಫೀಸಿಗೆ ಇದರಲ್ಲೇ ಹೋಗುತ್ತೇನೆ. ಭಾನುವಾರ ಮಂಚನಬೆಲೆ ಕಡೆಗೂ ಓಡಿಸುತ್ತೇನೆ. ಕಾಲಿಗೆ ಏನೂ ಕಷ್ಟ ಆಗಿಲ್ಲ.

ಮುಂದಿನ ತಿಂಗಳು ಹುಣ್ಣಿಮೆ ರಾತ್ರಿ ನಮ್ಮ ಕಡೆಯ ಒಂದು ಗುಂಪು ಮೈಸೂರಿಗೆ ಹೊರಡುತ್ತಿದೆ. ರಾತ್ರಿ ಹತ್ತಕ್ಕೆ ಬಿಟ್ಟು ಬೆಳಗ್ಗೆ ಎಂಟರೊಳಗೆ ತಲುಪುವ ಲೆಕ್ಕ. ಹೆಸರು ಕೊಡಲು ಹೋದರೆ, ಸಣ್ಣ ಚಕ್ರದ ಸೈಕಲ್ ತರಬೇಡಿ, ಎಲ್ಲರೂ ನಿಮಗೋಸ್ಕರ ಕಾಯಬೇಕಾಗುತ್ತದೆ, ಕತ್ತಲಲ್ಲಿ ಅಪಾಯ ಬೇರೆ ಎಂದರು. ನನ್ನ ವೇಗ ಎಷ್ಟು ಅಂತ ಒಂದು ಮಾತೂ ಕೇಳಲಿಲ್ಲ. ಅದಕ್ಕೆ ಬೇಜಾರಾಯಿತು.

ಇಲ್ಲಿ ಮಡಚುವ ಸೈಕಲ್‌ನಲ್ಲಿ ರಾತ್ರಿ ದೂರ ಹೋದವರು ಇದ್ದೀರಾ? ನಿಜಕ್ಕೂ ಚಕ್ರದಿಂದ ತೊಂದರೆ ಆಗುತ್ತದಾ? ಬೇರೆ ಸೈಕಲ್ ಕೊಳ್ಳುವ ಯೋಚನೆ ನನಗಿಲ್ಲ. ಮನೆಯಲ್ಲಿ ಜಾಗವೂ ಇಲ್ಲ.

ಗೇರ್ ಲೆಕ್ಕ
ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ಚಕ್ರ ಸಣ್ಣದಾದರೆ ಜಾಸ್ತಿ ತುಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಅದಕ್ಕೇ ನಿಮ್ಮ ಮುಂದಿನ ಗೇರ್ ಚಕ್ರ 52 ಹಲ್ಲಿನಷ್ಟು ದೊಡ್ಡದಿರುವುದು.

ಟೈರ್ 40 ಮಿ.ಮೀ. ಅಗಲದ್ದು ಅಂದುಕೊಳ್ಳಿ. ಚಕ್ರ ಒಂದು ಸುತ್ತಿಗೆ ಸುಮಾರು 1.53 ಮೀಟರ್ ಹೋಗುತ್ತದೆ. 14 ಹಲ್ಲಿನ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 5.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸಲ ಆರಾಮಾಗಿ ತುಳಿದರೂ ಗಂಟೆಗೆ ಹತ್ತಿರ ಹತ್ತಿರ 24 ಕಿ.ಮೀ. ಆಯಿತು. ರೋಡ್ ಬೈಕ್‌ನವರು ಮುಂದೆ 34, ಹಿಂದೆ 13 ಹಲ್ಲು ಹಾಕಿಕೊಂಡು ಹೋದರೂ ಹೆಚ್ಚುಕಡಿಮೆ ಇಷ್ಟೇ ದೂರ.

ಮೈಸೂರಿಗೆ ಸುಮಾರು 140 ಕಿ.ಮೀ. ಹತ್ತು ಗಂಟೆಯಲ್ಲಿ ಎರಡು ಗಂಟೆ ತಿಂಡಿಗೆ, ವಿಶ್ರಾಂತಿಗೆ ತೆಗೆದಿಟ್ಟರೂ ಸರಾಸರಿ 17.5 ಸಾಕು. ಅದು ನಿಮ್ಮ ಮಧ್ಯದ ಗೇರ್‌ಗಳಲ್ಲೇ ಬರುತ್ತದೆ. ಇಳಿಜಾರಲ್ಲಿ ಮಾತ್ರ 30 ದಾಟಿದ ಮೇಲೆ ಕಾಲು ಸುಮ್ನೆ ತಿರುಗುತ್ತದೆ. ಅಲ್ಲಿ ಬೇರೆಯವರು ಸ್ವಲ್ಪ ಮುಂದೆ ಹೋಗುತ್ತಾರೆ, ಅಷ್ಟೇ.

ಚೈನ್ ಚಂದ್ರು
ಒಪ್ಪಿದೆ. ನಮ್ಮ ಗುಂಪಲ್ಲಿ ಒಬ್ಬರು ಮಡಚುವ ಸೈಕಲ್‌ನವರಿದ್ದಾರೆ. ಏರಿನಲ್ಲಿ ನಾವೇ ಅವರ ಹಿಂದೆ.

ದೊಡ್ಡ ಗಾಲಿ
ಲೆಕ್ಕ ಸರಿ ಇದೆ ಸರ್, ಆದರೆ ರಸ್ತೆ ಲೆಕ್ಕದ ಪುಸ್ತಕದಲ್ಲಿ ಇಲ್ಲ. ನಾನು ಇಂಥ ರಾತ್ರಿ ಸವಾರಿಗಳನ್ನು ನಡೆಸುವವನು. ಗುಂಪಿನ ಪರವಾಗಿ ನಾಲ್ಕು ಮಾತು ಹೇಳುತ್ತೇನೆ.

ಹಗಲಲ್ಲಿ ಗುಂಡಿ ಕಾಣುತ್ತದೆ, ತಪ್ಪಿಸುತ್ತೀರಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ತಪ್ಪಿಸಲು ಆಗುವುದಿಲ್ಲ. ಒಂದು ಅಡಿ ಅಗಲದ ಗುಂಡಿಯಲ್ಲಿ 700ಸಿ ಚಕ್ರ, ಅಂದರೆ ರೋಡ್ ಬೈಕಿನ ದೊಡ್ಡ ಚಕ್ರ, ಮೂರೂವರೆ ಸೆಂಟಿಮೀಟರ್ ಇಳಿದರೆ 20 ಇಂಚಿನದು ಐದು ಸೆಂಟಿಮೀಟರ್ ಇಳಿಯುತ್ತದೆ. ಏಟು ಜೋರು. ಜೊತೆಗೆ ಹ್ಯಾಂಡಲ್ ಬಲು ಚುರುಕು. ಒಂದು ಕೈ ಬಿಟ್ಟು ಸನ್ನೆ ಮಾಡಲು ಹೋದರೂ ಅಲ್ಲಾಡುತ್ತದೆ. ಒಬ್ಬರು ಬಿದ್ದರೆ ಹಿಂದಿನ ಮೂವರು ಅವರ ಮೇಲೆ ಬೀಳುತ್ತಾರೆ. ಜವಾಬ್ದಾರಿ ಹೊತ್ತವರಿಗೆ ಆ ಭಯ ಇರುತ್ತದೆ. ಅದನ್ನು ತಾರತಮ್ಯ ಅನ್ನಬೇಡಿ.

ಕೆಂಗೇರಿ ಸವಾರ
ಸರ್, ಭಯ ಅರ್ಥ ಆಗುತ್ತದೆ. ಆದರೆ ಅದೇ ಗುಂಪಲ್ಲಿ 23 ಮಿ.ಮೀ. ಟೈರ್ ಹಾಕಿದವರನ್ನು ಸೇರಿಸಿಕೊಂಡಿದ್ದಾರೆ. ಗುಂಡಿಗೆ ಅವರ ಟೈರ್ ನನ್ನದಕ್ಕಿಂತ ಬೇಗ ಹೋಗುತ್ತದೆ, ಅಲ್ವಾ?

ಮಂಡ್ಯ ಹೈದ
ಇಬ್ಬರೂ ಸೈಕಲ್ ಬಗ್ಗೆ ಮಾತಾಡುತ್ತಿದ್ದೀರಿ. ಸ್ವಲ್ಪ ರಸ್ತೆ ಬಗ್ಗೆ ಮಾತಾಡಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ ಯಾವುದೂ ಹತ್ತುವಂತಿಲ್ಲ. ನೀವು ಹೋಗಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ. ಬೈಪಾಸ್ ಬಂದ ಕಡೆ ಊರೊಳಗಿನ ಹಳೇ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಾ ಊರ ಮಧ್ಯದಿಂದಲೇ.

ಸರ್ವಿಸ್ ರಸ್ತೆಯಲ್ಲಿ ಬಣ್ಣ ಹಚ್ಚದ ಹಂಪ್‌ಗಳಿವೆ. ಮರಳು ಕೂತಿರುತ್ತದೆ. ಎದುರಿನಿಂದ ರಾಂಗ್ ಸೈಡಲ್ಲಿ ಬೈಕಿನವರು ಲೈಟು ಕಣ್ಣಿಗೆ ಹೊಡೆದುಕೊಂಡು ಬರುತ್ತಾರೆ. ಮದ್ದೂರು ದಾಟಿದ ಮೇಲೆ ಕಬ್ಬು ಕಡಿಯುವ ಕಾಲವಾದರೆ ಟ್ರ್ಯಾಕ್ಟರು, ಎತ್ತಿನ ಗಾಡಿ. ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ. ಬೆಳಗಿನ ಜಾವ ಮಂಜೂ ಸೇರಿತು ಅಂದರೆ ಯಾವ ಸೈಕಲ್ ಆದರೂ ಕಷ್ಟವೇ. ನಾಯಿಗಳ ವಿಷಯ ಬೇರೆ ಹೇಳಬೇಕಾ?

ಸಣ್ಣ ಚಕ್ರ ದೊಡ್ಡ ಚಕ್ರ ಅಂತ ನೋಡಬೇಡಿ ಅಣ್ಣ. ಈ ರಸ್ತೆಯಲ್ಲಿ ರಾತ್ರಿ ಗಂಟೆಗೆ 20 ಕಿ.ಮೀ. ಮೇಲೆ ಓಡಿಸುವ ಗುಂಪೇ ಬೇಡ.

ಗೇರ್ ಲೆಕ್ಕ
ಮಂಡ್ಯ ಹೈದ ಹೇಳಿದ್ದು ನೂರಕ್ಕೆ ನೂರು ನಿಜ. 20ರ ಒಳಗೆ ಹೋಗುವ ಗುಂಪಾದರೆ ಚಕ್ರದ ಪ್ರಶ್ನೆಯೇ ಬರುವುದಿಲ್ಲ.

ತುಮಕೂರು ಟೈರ್
ಕನಕಪುರ ರಸ್ತೆ ಯಾಕೆ ನೋಡಬಾರದು? ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು. ಲಾರಿ ಕಡಿಮೆ.

ಮಂಡ್ಯ ಹೈದ
ಹಗಲಲ್ಲಿ ಚೆನ್ನಾಗಿದೆ. ರಾತ್ರಿ ಬೇಡ. ಸಾತನೂರು, ಹಲಗೂರು ಕಡೆ ಕಾವೇರಿ ವನ್ಯಧಾಮದಿಂದ ಆನೆ ಹೊಲಗಳಿಗೆ ಬರುತ್ತವೆ. ಕತ್ತಲಲ್ಲಿ ಸೈಕಲ್‌ನಲ್ಲಿ ಎದುರಾದರೆ ಏನು ಮಾಡುತ್ತೀರಿ?

ತುಮಕೂರು ಟೈರ್
ಸರಿ, ಹಳೇ ರಸ್ತೆಯೇ ಇರಲಿ.

ಬ್ರೆವೆ ಅಕ್ಕ
ನಾನು ಬಿಆರ್‌ಎಂ ಓಡಿಸುತ್ತೇನೆ. ಅಂದರೆ ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಎಂಬ ಮಿತಿ ಇರುವ ದೂರದ ಸವಾರಿ. ಅಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಚಕ್ರ ಇಷ್ಟೇ ದೊಡ್ಡದಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. ದೀಪ ಇರಬೇಕು, ಹೊಳೆಯುವ ಜಾಕೆಟ್ ಇರಬೇಕು, ಹೊತ್ತಿಗೆ ಸರಿಯಾಗಿ ತಲುಪಬೇಕು. ಫ್ರಾನ್ಸ್‌ನ ಇಂಥದ್ದೇ ಸವಾರಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ 1200 ಕಿ.ಮೀ.ಯನ್ನು 16 ಇಂಚಿನ ಮಡಚುವ ಸೈಕಲ್ ಬ್ರಾಂಪ್ಟನ್‌ನಲ್ಲಿ ಮುಗಿಸಿದವರೂ ಇದ್ದಾರೆ. ಅಲ್ಲಿ 90 ಗಂಟೆ ಮಿತಿ. ಮಧ್ಯೆ ಮೂರ್ನಾಲ್ಕು ರಾತ್ರಿ ಕಳೆಯಬೇಕು.

ದೊಡ್ಡ ಗಾಲಿಯವರೇ, ಅಪಾಯ ಇದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಸೈಕಲ್ ನೋಡಿ ಬೇಡ ಅನ್ನುವುದು ಸರಿಯಲ್ಲ. ಸವಾರರನ್ನು ನೋಡಿ ಹೇಳಿ. ಹಗಲಲ್ಲಿ ರಾಮನಗರದ ತನಕ ಒಂದು ಸುತ್ತು ಜೊತೆಗೆ ಕರೆದುಕೊಂಡು ಹೋಗಿ. ಹೊಂದಿಕೊಂಡರೆ ರಾತ್ರಿಗೂ ಕರೆಯಿರಿ. ಹೆಣ್ಣುಮಕ್ಕಳಿಗೂ ಮೊದಲು ಇದೇ ಮಾತು ಹೇಳುತ್ತಿದ್ದರು. ನಿಧಾನ ಆಗುತ್ತದೆ, ರಾತ್ರಿ ಅಪಾಯ ಅಂತ. ಆ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ.

ದೊಡ್ಡ ಗಾಲಿ
ಮೇಡಂ, ಹಗಲಲ್ಲಿ ಒಂದು ಸುತ್ತು ಅನ್ನುವುದು ಒಳ್ಳೆಯ ಸಲಹೆ. ಅದನ್ನು ಒಪ್ಪುತ್ತೇನೆ.

ಹಳೇ ಡೈನಮೋ
ಸಣ್ಣ ಚಕ್ರ ನಿಧಾನ ಅನ್ನುವವರಿಗೆ ಒಂದು ಹಳೆಯ ಸಂಗತಿ. ಅಲೆಕ್ಸ್ ಮೌಲ್ಟನ್ 1962ರಲ್ಲಿ ಸಣ್ಣ ಚಕ್ರದ ಸೈಕಲ್ ಬಿಟ್ಟರು. ಮಿನಿ ಕಾರಿಗೆ ರಬ್ಬರ್ ಸಸ್ಪೆನ್ಶನ್ ಮಾಡಿಕೊಟ್ಟ ಎಂಜಿನಿಯರ್ ಅವರೇ. ಅದೇ ವರ್ಷ ಜಾನ್ ವುಡ್‌ಬರ್ನ್ ಆ ಸೈಕಲ್‌ನಲ್ಲೇ ಕಾರ್ಡಿಫ್‌ನಿಂದ ಲಂಡನ್‌ಗೆ ಓಡಿಸಿ ದಾಖಲೆ ಮುರಿದರು. ದೂರದ ಸವಾರಿಗೆ ಸಣ್ಣ ಚಕ್ರ ಆಗದು ಅನ್ನುವುದಕ್ಕೆ ಅಂದೇ ಉತ್ತರ ಸಿಕ್ಕಿದೆ.

ದೊಡ್ಡ ಗಾಲಿ
ಮೌಲ್ಟನ್‌ಗೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಇದೆ. ಮೇಲಾಗಿ ಅದು ಮಡಚುವ ಸೈಕಲ್ ಅಲ್ಲ. ಹೋಲಿಕೆ ಸರಿಹೋಗುವುದಿಲ್ಲ.

ಹಳೇ ಡೈನಮೋ
ಅದೇ ನಾನು ಹೇಳುವುದು. ಚಕ್ರ ಸಣ್ಣದಿದ್ದರೆ ಏಟನ್ನು ಬೇರೆ ಏನಾದರೂ ತಡೆದುಕೊಳ್ಳಬೇಕು. ಮೌಲ್ಟನ್ ಅದಕ್ಕೆ ರಬ್ಬರ್ ಇಟ್ಟರು. ಬ್ರಾಂಪ್ಟನ್‌ನಲ್ಲೂ ಹಿಂದೆ ರಬ್ಬರ್ ತುಂಡು ಇದೆ. ನಮ್ಮಂಥವರಿಗೆ ದಪ್ಪ ಟೈರೇ ಸಸ್ಪೆನ್ಶನ್. 20 ಇಂಚಿಗೆ ಎರಡು ಇಂಚು ಅಗಲದ ಟೈರ್ ಸಿಗುತ್ತದೆ. ಫ್ರೇಮಿನಲ್ಲಿ, ಮಡ್‌ಗಾರ್ಡ್ ಕೆಳಗೆ ಜಾಗ ಇದೆಯಾ ನೋಡಿ ಹಾಕಿ. ಗಾಳಿಯನ್ನು ಕಲ್ಲಿನ ಹಾಗೆ ತುಂಬಬೇಡಿ. ಸ್ವಲ್ಪ ಕಡಿಮೆ ಇದ್ದರೆ ಅಂಗೈ, ಭುಜ ಎರಡೂ ಬೆಳಗಿನ ತನಕ ಬದುಕುತ್ತವೆ.

ಚೈನ್ ಚಂದ್ರು
ಕಡ್ಡಿ ಮುರಿಯುವ ಭಯವೂ ಕಡಿಮೆ. ಸಣ್ಣ ಚಕ್ರದ ಕಡ್ಡಿ ಗಿಡ್ಡ, ಗಟ್ಟಿ.

ಥೇಮ್ಸ್ ತೀರದ ಹಾಸನದವಳು
ಲಂಡನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಡನ್ವಿಚ್ ಡೈನಮೋ ಅಂತ ಒಂದು ರಾತ್ರಿ ಸವಾರಿ ಇದೆ. 1990ರ ದಶಕದ ಶುರುವಿನಿಂದ ನಡೆಯುತ್ತಿದೆ. ಜುಲೈ ತಿಂಗಳ ಒಂದು ಶನಿವಾರ ಸಂಜೆ ಹ್ಯಾಕ್ನಿಯ ಲಂಡನ್ ಫೀಲ್ಡ್ಸ್ ಹತ್ತಿರ ಸೇರಿ ಹೊರಡುತ್ತಾರೆ. ಸಫೋಕ್ ಕರಾವಳಿಯ ಡನ್ವಿಚ್ ತನಕ ಸುಮಾರು 180 ಕಿ.ಮೀ. ಹೆಸರು ಬರೆಸುವ ಹಾಗಿಲ್ಲ, ಶುಲ್ಕ ಇಲ್ಲ, ಹಿಂದೆ ಗಾಡಿಯೂ ಬರುವುದಿಲ್ಲ. ಅದರಲ್ಲಿ ಬ್ರಾಂಪ್ಟನ್‌ಗಳು ಎದ್ದು ಕಾಣುತ್ತವೆ. ಯಾರೂ ಅವರನ್ನು ತಡೆಯುವುದಿಲ್ಲ. ಸಮುದ್ರ ತಲುಪಿದ ಮೇಲೆ ಅವರಿಗೇ ಲಾಭ. ಡನ್ವಿಚ್‌ನಲ್ಲಿ ರೈಲು ನಿಲ್ದಾಣ ಇಲ್ಲ. ದೊಡ್ಡ ಸೈಕಲ್‌ನವರು ವಾಪಸು ಬರಲು ಮೊದಲೇ ಬಸ್ಸು, ಲಾರಿ ಗೊತ್ತು ಮಾಡಿರಬೇಕು. ಮಡಚುವವರು ಯಾರ ಕಾರಿನ ಡಿಕ್ಕಿಯಲ್ಲಾದರೂ ಹಾಕಿಕೊಂಡು ಬರುತ್ತಾರೆ.

ಇನ್ನೊಂದು ಸವಾರಿ ನನಗೆ ಇನ್ನೂ ಇಷ್ಟ. ಶುಕ್ರವಾರ ಮಧ್ಯರಾತ್ರಿ ಹೈಡ್ ಪಾರ್ಕ್ ಕಾರ್ನರ್‌ನಿಂದ ಬ್ರೈಟನ್ ಕಡೆಗೆ. ದೂರ ಕಡಿಮೆ, ನೂರು ಕಿ.ಮೀ. ಒಳಗೆ. ಅಲ್ಲಿಯ ಕ್ರಮ ಏನು ಗೊತ್ತಾ? ಯಾರನ್ನೂ ಬಿಟ್ಟು ಹೋಗುವುದಿಲ್ಲ. ತಿರುವು ಬಂದಲ್ಲಿ ಒಬ್ಬರು ನಿಂತು ದಾರಿ ತೋರಿಸುತ್ತಾರೆ. ಕೊನೆಗೆ ಬರುವವರ ಹಿಂದೆ ಅನುಭವಿಗಳು ಇರುತ್ತಾರೆ. ಪಂಕ್ಚರ್ ಆದರೆ ಇಡೀ ಗುಂಪು ಮುಂದೆ ಒಂದು ಕಡೆ ಕಾಯುತ್ತದೆ. ಇಂಥ ಗುಂಪಲ್ಲಿ ಹೊಸಬರೂ ಹೆದರದೆ ಬರುತ್ತಾರೆ. ಕೆಂಗೇರಿಯವರೇ, ನೀವು ಹುಡುಕಬೇಕಾದದ್ದು ಇಂಥ ಗುಂಪನ್ನು. ಸೈಕಲ್ ಬದಲಾಯಿಸುವ ಮಾತೇ ಬೇಡ.

ಬ್ರೆವೆ ಅಕ್ಕ
ಎಷ್ಟು ಚೆನ್ನಾಗಿ ಹೇಳಿದಿರಿ! ಇಲ್ಲಿ ಎಷ್ಟೋ ಗುಂಪುಗಳು "ಯಾರನ್ನೂ ಬಿಡುವುದಿಲ್ಲ" ಎಂದು ಬರೆದುಕೊಳ್ಳುತ್ತವೆ. ಬಿಡದಿ ದಾಟುವಷ್ಟರಲ್ಲಿ ಮುಂದಿನವರ ಕೆಂಪು ದೀಪ ಕಾಣುವುದಿಲ್ಲ. ಕೊನೆಯಲ್ಲಿ ಉಳಿದವರು ಒಬ್ಬರೇ ಆಗುತ್ತಾರೆ. ಬೇಡ ಅಂದದ್ದಕ್ಕಿಂತ ಅದು ಹೆಚ್ಚು ಅಪಾಯ.

ದೊಡ್ಡ ಗಾಲಿ
ನಮ್ಮಲ್ಲಿ ಹಿಂದೆ ಇಬ್ಬರನ್ನು ಇಟ್ಟೇ ಇಡುತ್ತೇವೆ. ಎಲ್ಲರೂ ಹಾಗೆ ಮಾಡುವುದಿಲ್ಲ, ಅದು ನಿಜ.

ಥೇಮ್ಸ್ ತೀರದ ಹಾಸನದವಳು
ಇಬ್ಬರನ್ನು ಇಡುತ್ತೀರಿ ಅಂದಮೇಲೆ ಒಬ್ಬ ಮಡಚುವ ಸೈಕಲ್‌ನವರನ್ನು ಸೇರಿಸಿಕೊಳ್ಳಲು ಏನು ಕಷ್ಟ ಸರ್?

ದೊಡ್ಡ ಗಾಲಿ
ಹಗಲಿನ ಸುತ್ತಿಗೆ ಬಂದರೆ ಖಂಡಿತ ಸೇರಿಸಿಕೊಳ್ಳುತ್ತೇನೆ. ಕೆಂಗೇರಿಯವರೇ, ನನಗೆ ಒಂದು ಸಂದೇಶ ಕಳಿಸಿ. ಗುಂಪಲ್ಲಿ ಕೊನೆಗೆ ಇರಬೇಡಿ. ಎರಡನೆಯವರೋ ಮೂರನೆಯವರೋ ಆಗಿ. ಮುಂದಿನವರು ಗುಂಡಿ, ಹಂಪ್ ಎಂದು ಕೂಗಿದ್ದು ಅಲ್ಲಿಗೆ ಸರಿಯಾಗಿ ಕೇಳುತ್ತದೆ. ಮುಂದಿನ ಚಕ್ರಕ್ಕೆ ಅಂಟಿಕೊಳ್ಳದೆ ಸ್ವಲ್ಪ ಅಂತರ ಇಡಿ.

ನೈಟ್ ಡ್ಯೂಟಿ
ರಾತ್ರಿ ಎಲ್ಲಿ ತಿನ್ನುತ್ತೀರಿ ಅನ್ನುವುದನ್ನು ಯಾರೂ ಮಾತಾಡುತ್ತಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮೈಸೂರಿಗೆ ಹೋಗುವುದಾ?

ಚೈನ್ ಚಂದ್ರು
ಹತ್ತಕ್ಕೆ ಹೊರಟರೆ ಬಿಡದಿ ತೀರಾ ಬೇಗ ಬಂದುಬಿಡುತ್ತದೆ. ಆಗ ಹೊಟ್ಟೆ ತುಂಬ ತಿಂದರೆ ಚನ್ನಪಟ್ಟಣದಲ್ಲಿ ನಿದ್ದೆ ಹತ್ತುತ್ತದೆ. ಮದ್ದೂರು ವಡೆಯನ್ನು ಕಟ್ಟಿಸಿಕೊಳ್ಳಿ. ಕೆಡುವುದಿಲ್ಲ, ಜೇಬಲ್ಲೇ ಇಟ್ಟುಕೊಂಡು ತಿನ್ನಬಹುದು.

ಮಂಡ್ಯ ಹೈದ
ನಡುರಾತ್ರಿ ಮದ್ದೂರಿನಲ್ಲಿ ಬಿಸಿ ವಡೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಬೆಂಗಳೂರಿನಿಂದಲೇ ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ತಗೊಳ್ಳಿ. ಮಂಡ್ಯ ದಾಟುವಾಗ ಬೆಳಗಾಗುತ್ತಿದ್ದರೆ ಟೀ ಅಂಗಡಿ ತೆಗೆದಿರುತ್ತದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಮೈಸೂರು ತನಕ ಏರು ಇದೆ. ಅಲ್ಲಿಗೆ ಶಕ್ತಿ ಉಳಿಸಿಕೊಳ್ಳಿ.

ನೈಟ್ ಡ್ಯೂಟಿ
ಏರು ಅಂದರೆ ನಂದಿ ಬೆಟ್ಟದ ಹಾಗಾ?

ಮಂಡ್ಯ ಹೈದ
ಅಯ್ಯೋ ಇಲ್ಲ. ಕಾರಿನಲ್ಲಿ ಹೋದರೆ ಗೊತ್ತೇ ಆಗದಂಥ ಏರು. ಇಡೀ ರಾತ್ರಿ ತುಳಿದ ಕಾಲಿಗೆ ಮಾತ್ರ ಗೊತ್ತಾಗುತ್ತದೆ.

ಗೇರ್ ಲೆಕ್ಕ
ನಂದಿ ಅಂದಿದ್ದಕ್ಕೆ ಒಂದು ಮಾತು. ರಿಮ್ ಬ್ರೇಕ್ ಇರುವ ಸಣ್ಣ ಚಕ್ರವನ್ನು ಅಲ್ಲಿಂದ ಇಳಿಸುವಾಗ ಬ್ರೇಕ್ ಹಿಡಿದೇ ಇರಬೇಡಿ. ರಿಮ್‌ನಲ್ಲಿ ಲೋಹ ಕಡಿಮೆ, ಬೇಗ ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಮೈಸೂರು ದಾರಿಯಲ್ಲಿ ಈ ಚಿಂತೆ ಇಲ್ಲ.

ಹಳೇ ಡೈನಮೋ
ದೀಪದ ಬಗ್ಗೆ ನನ್ನ ಅನುಭವ. ಮಡಚುವ ಸೈಕಲ್‌ನ ಹ್ಯಾಂಡಲ್ ಉದ್ದ ಕಂಬದ ಮೇಲೆ ಇರುತ್ತದೆ, ಅಲ್ಲಾಡುತ್ತದೆ. ಅಲ್ಲಿ ಕಟ್ಟಿದ ದೀಪದ ಬೆಳಕೂ ಕುಣಿಯುತ್ತದೆ. ಒಂದು ದೀಪ ಹ್ಯಾಂಡಲ್ ಮೇಲೆ ಇರಲಿ, ಇನ್ನೊಂದನ್ನು ಕೆಳಗೆ ಫೋರ್ಕಿನ ಹತ್ತಿರ ಕಟ್ಟಿ. ಕೆಳಗಿನಿಂದ ಬಿದ್ದ ಬೆಳಕಲ್ಲಿ ಗುಂಡಿ, ಕಲ್ಲು ಎಲ್ಲದಕ್ಕೂ ಉದ್ದ ನೆರಳು ಬರುತ್ತದೆ. ದೂರದಿಂದಲೇ ಕಾಣುತ್ತದೆ. ಸಣ್ಣ ಚಕ್ರಕ್ಕೆ ಇದೊಂದೇ ಬದಲಾವಣೆ ಎಷ್ಟೋ ಧೈರ್ಯ ಕೊಡುತ್ತದೆ.

ಹಬ್ ಡೈನಮೋ (ಚಕ್ರದ ನಡುವೆಯೇ ಕೂತು ದೀಪಕ್ಕೆ ವಿದ್ಯುತ್ ಕೊಡುವುದು) ಹಾಕಿಸುವ ಮನಸ್ಸಿದ್ದರೆ ಸಣ್ಣ ಚಕ್ರಕ್ಕೆಂದೇ ಮಾಡಿದ್ದನ್ನು ತಗೊಳ್ಳಿ. 20 ಇಂಚಿನ ಚಕ್ರ ಅಷ್ಟೇ ದೂರಕ್ಕೆ 700ಸಿಗಿಂತ ಸುಮಾರು 1.4 ಪಟ್ಟು ಸುತ್ತುತ್ತದೆ. ಹಾಗಾಗಿ ಕಡಿಮೆ ಎಳೆತದ ಡೈನಮೋ ಸಾಕು.

ಬ್ರೆವೆ ಅಕ್ಕ
ಹಿಂದಿನ ಕೆಂಪು ದೀಪವನ್ನು ಮಿನುಗಿಸಬೇಡಿ. ಗುಂಪಲ್ಲಿ ಹಿಂದೆ ಬರುವವರ ಕಣ್ಣು ಸೋತುಹೋಗುತ್ತದೆ. ಒಂದೇ ಸಮ ಉರಿಯಲಿ. ಕ್ಯಾರಿಯರ್‌ನಲ್ಲಿ ಚೀಲ ಕಟ್ಟಿದರೆ ದೀಪ ಮುಚ್ಚಿಹೋಗಿದೆಯಾ ನೋಡಿ. ಸಣ್ಣ ಚಕ್ರದಲ್ಲಿ ಕ್ಯಾರಿಯರ್ ತಗ್ಗಿನಲ್ಲಿರುತ್ತದೆ, ಇದು ಸುಲಭವಾಗಿ ಆಗಿಬಿಡುತ್ತದೆ.

ಕೀಲೆಣ್ಣೆ
ಮಡಚುವ ಸೈಕಲ್ ರಿಪೇರಿ ಮಾಡುವವನು ನಾನು. ಚಕ್ರ, ಟೈರ್ ಎಲ್ಲಾ ಆಯಿತು. ನಿಜವಾಗಿ ನೋಡಬೇಕಾದ ಜಾಗ ಕೀಲು. ಫ್ರೇಮ್ ಮಧ್ಯದ ಲಾಕ್, ಹ್ಯಾಂಡಲ್ ಕಂಬದ ಬುಡದ ಲಾಕ್. ಎರಡನ್ನೂ ಮುಚ್ಚುವಾಗ ಅಂಗೈಗೆ ಬಿಗಿ ಗೊತ್ತಾಗಬೇಕು. ಸಲೀಸಾಗಿ ಮುಚ್ಚಿಕೊಂಡರೆ ಸಡಿಲ ಆಗಿದೆ ಅಂತ ಅರ್ಥ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ತಳ್ಳಿ. ಟಕ್ ಟಕ್ ಶಬ್ದ ಬಂದರೆ ಹೊರಡುವ ಮೊದಲೇ ಸರಿಮಾಡಿಸಿ. ದಾರಿಯಲ್ಲಿ ಮೊದಲ ನಿಲುಗಡೆಯಲ್ಲೂ ಒಂದು ಸಲ ಮುಟ್ಟಿ ನೋಡಿ. ಎದ್ದು ನಿಂತು ತುಳಿಯುವ ಅಭ್ಯಾಸ ಇದ್ದರೆ ಬಿಡಿ. ಕೂತೇ ಗೇರ್ ಇಳಿಸಿ ತುಳಿಯಿರಿ. ಕಂಬಕ್ಕೂ ಒಳ್ಳೆಯದು, ನಿಮಗೂ.

ಕೆಂಗೇರಿ ಸವಾರ
ತುಂಬಾ ಉಪಕಾರ. ಹ್ಯಾಂಡಲ್ ಬುಡದ ಲಾಕ್ ಬಗ್ಗೆ ಯೋಚಿಸಿಯೇ ಇರಲಿಲ್ಲ. ಹಗಲಿನ ಸುತ್ತಿಗೆ ಹೋಗುತ್ತೇನೆ. ವಾಪಸು ರೈಲಿನಲ್ಲಿ ಬರಬೇಕು ಅಂತಿದ್ದೇನೆ. ಮಡಚಿ ಬೋಗಿಯೊಳಗೇ ತಗೊಂಡು ಹೋಗಬಹುದಾ?

ತುಮಕೂರು ಟೈರ್
ಚೀಲಕ್ಕೆ ಹಾಕಿದರೆ ಯಾರೂ ಕೇಳುವುದಿಲ್ಲ. ಲಗೇಜ್ ಅಷ್ಟೇ.

ಸ್ಟೇಷನ್ ಮಗ
ಹಾಗೆ ಹೇಳಿ ಕಳಿಸಬೇಡಿ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100 × 60 × 25 ಸೆಂ.ಮೀ. ಎಂಬ ಅಳತೆ ಇದೆ. 20 ಇಂಚಿನ ಮಡಚುವ ಸೈಕಲ್ ಮಡಚಿದಾಗ ಸಾಮಾನ್ಯವಾಗಿ 80 × 65 × 35ರ ಆಸುಪಾಸು ಬರುತ್ತದೆ. ಉದ್ದ ಸರಿ, ಎತ್ತರ, ದಪ್ಪ ಎರಡೂ ಜಾಸ್ತಿ. ಟಿಟಿಇ ಒಪ್ಪಿದರೆ ಸರಿ, ಆಕ್ಷೇಪಿಸಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಖಾತ್ರಿ ಬೇಕಿದ್ದರೆ ಪಾರ್ಸೆಲ್ ಆಫೀಸಿಗೆ ಹೋಗಿ ಲಗೇಜ್ ಬುಕ್ ಮಾಡಿಸಿ, ಬ್ರೇಕ್ ವ್ಯಾನ್‌ನಲ್ಲಿ ಬರುತ್ತದೆ. ಅದಕ್ಕೆ ರೈಲಿನ ಹೊತ್ತಿಗಿಂತ ಸಾಕಷ್ಟು ಮೊದಲೇ ನಿಲ್ದಾಣದಲ್ಲಿರಬೇಕು. ಬಾಗಿಲ ಹತ್ತಿರ ಮಾತ್ರ ಇಡಬೇಡಿ. ಹತ್ತಿ ಇಳಿಯುವವರಿಗೆ ತೊಂದರೆ.

ಚೈನ್ ಚಂದ್ರು
ಬಸ್ಸೇ ಸುಲಭ. ಕೆಳಗಿನ ಡಿಕ್ಕಿಯಲ್ಲಿ ಇಡಿಸಿಕೊಳ್ಳುತ್ತಾರೆ. ಕಂಡಕ್ಟರ್ ಹತ್ತಿರ ಮೊದಲೇ ಕೇಳಿ, ಲಗೇಜ್ ಟಿಕೆಟ್ ತಗೊಳ್ಳಿ. ಡಿರೇಲರ್ (ಹಿಂದಿನ ಗೇರ್ ಬದಲಿಸುವ ಭಾಗ) ಇರುವ ಬದಿ ಮೇಲೆ ಬರುವ ಹಾಗೆ ಮಲಗಿಸಿ.

ನೈಟ್ ಡ್ಯೂಟಿ
ಪಂಕ್ಚರ್ ಆದರೆ ದಾರಿಯಲ್ಲಿ 20 ಇಂಚಿನ ಟ್ಯೂಬ್ ಸಿಗುತ್ತದಾ?

ತುಮಕೂರು ಟೈರ್
ಮಕ್ಕಳ ಸೈಕಲ್‌ಗೆ ಅದೇ ಸೈಜ್ ಅಲ್ವಾ? ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. 16 ಇಂಚಿನ ಬ್ರಾಂಪ್ಟನ್‌ನವರಿಗೇ ಕಷ್ಟ.

ಕೀಲೆಣ್ಣೆ
ಅರ್ಧ ಸರಿ. 20 ಇಂಚಿನಲ್ಲಿ ಮುಖ್ಯವಾಗಿ ಎರಡು ರಿಮ್ ಅಳತೆ ಇವೆ, 406 ಮತ್ತು 451 ಮಿ.ಮೀ. ಟೈರ್ ಮೇಲೆ 20 × 1.75 ಅಥವಾ 2.125 ಎಂದಿದ್ದರೆ 406. ಮಕ್ಕಳ ಸೈಕಲ್ ಟ್ಯೂಬ್ ಅದಕ್ಕೆ ಆಗುತ್ತದೆ. 20 × 1 3/8 ಎಂದಿದ್ದರೆ 451, ಅದು ಬೇರೆ. ಇನ್ನೊಂದು, ನಿಮ್ಮ ರಿಮ್‌ನ ತೂತು ತೆಳು ಪ್ರೆಸ್ಟಾ ವಾಲ್ವ್‌ಗೆ ಮಾಡಿದ್ದರೆ ಅಂಗಡಿಯ ದಪ್ಪ ವಾಲ್ವ್ ಒಳಗೆ ಹೋಗುವುದೇ ಇಲ್ಲ. ಮೊದಲು ಅದನ್ನು ನೋಡಿ. ಅದಕ್ಕೂ ಮೊದಲು, ನಡುರಾತ್ರಿ ಯಾವ ಅಂಗಡಿಯೂ ತೆಗೆದಿರುವುದಿಲ್ಲ. ಎರಡು ಟ್ಯೂಬ್, ಪಂಪು, ಟೈರ್ ಲಿವರ್ ನಿಮ್ಮ ಹತ್ತಿರವೇ ಇರಬೇಕು. ಹಿಂದಿನ ಚಕ್ರಕ್ಕೆ ನಟ್ ಇದ್ದರೆ 15 ನಂಬರ್ ಸ್ಪ್ಯಾನರ್ ಕೂಡ. ಮನೆಯಲ್ಲಿ ಒಂದು ಸಲ ದೀಪ ಆರಿಸಿ, ಟಾರ್ಚ್ ಬೆಳಕಲ್ಲಿ ಹಿಂದಿನ ಟ್ಯೂಬ್ ಬದಲಾಯಿಸಿ ನೋಡಿ. ಸಣ್ಣ ಟೈರ್ ರಿಮ್ ಮೇಲೆ ಬಿಗಿಯಾಗಿ ಕೂರುತ್ತದೆ, ಕೈ ಪಳಗಬೇಕು.

ಕೆಂಗೇರಿ ಸವಾರ
ಈಗಷ್ಟೇ ನೋಡಿದೆ. 20 × 1.75, ದಪ್ಪ ವಾಲ್ವ್. ಹಿಂದೆ ನಟ್ ಇದೆ.

ಕೀಲೆಣ್ಣೆ
ಹಾಗಾದರೆ 15ರ ಸ್ಪ್ಯಾನರ್ ಮರೆಯಬೇಡಿ. ಉದ್ದ ಹಿಡಿಯದ್ದೇ ತಗೊಳ್ಳಿ, ಗಿಡ್ಡದರಲ್ಲಿ ಬಿಚ್ಚಲು ಆಗುವುದಿಲ್ಲ.